ಲಾಂಗ್ರಿ ಚಾಚಾ

ಚಾಚಾನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ರೋಮವೂ ಇರಲಿಲ್ಲ. ಹದಿನೇಳು ವರ್ಷ ಭಟ್ಟಿಯ ಝಳ ತಿಂದ ಕೈ ಅದು. ಠಾಣಾ ಕುಶನೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಸೈನ್ಯದಲ್ಲಿದ್ದು ಬಂದವರೆಂದು ಊರು ಅವರನ್ನು ಫೌಜಿ ಎನ್ನುತ್ತಿತ್ತು. ಮೀಸೆ ನೋಡಿ ಕೆಲವರು ಸುಬೇದಾರ್ ಎಂದು ಬಡ್ತಿಯನ್ನೂ ಕೊಟ್ಟಿದ್ದರು. ಪಲ್ಟನ್ನಿನಲ್ಲಿ ಯಾರಿಗೂ ಸ್ವಂತ ಹೆಸರು ಉಳಿಯುವುದಿಲ್ಲ ಎಂದು ಚಾಚಾ ನಗುತ್ತಿದ್ದರು. ಹೊಸಬ ರಂಗ್ರೂಟ್, ದಕ್ಷಿಣದವನು ಯಾರೇ ಆಗಲಿ ತಂಬಿ, ಅಡುಗೆಯವನು ಲಾಂಗ್ರಿ. ಚಾಚಾ ಲಾಂಗ್ರಿ.

ನಾನು ಏಳನೇ ತರಗತಿಯಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ಶಾಲೆಗೆ ಅವರೇ ಅತಿಥಿ. ಅದೇ ಶಾಲೆಯಲ್ಲಿ ನನ್ನ ಅವ್ವ ಬಿಸಿಯೂಟ ಬೇಯಿಸುತ್ತಿದ್ದಳು. ನನಗೋ ಅದು ತಲೆ ಎತ್ತಲಾರದಷ್ಟು ನಾಚಿಕೆ. ತಾಟು ಹಿಡಿದು ಎದುರು ನಿಂತರೂ ಅವ್ವ ಎನ್ನುತ್ತಿರಲಿಲ್ಲ. ಪಾಪ, ಅವಳೂ ನನ್ನ ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಎಷ್ಟು ಶತ್ರುಗಳನ್ನು ಹೊಡೆದಿರಿ, ಮಕ್ಕಳಿಗೆ ಹೇಳಿ ಎಂದರು ಹೆಡ್‌ಮಾಸ್ತರರು.

"ಒಬ್ಬನ್ನೂ ಹೊಡದಿಲ್ಲರಿ. ನಾ ಲಾಂಗ್ರಿ, ರೊಟ್ಟಿ ಬಡದೇನಿ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಚಾಚಾ ಬೇಜಾರು ಮಾಡಿಕೊಳ್ಳಲಿಲ್ಲ. ಹಿಮದ ಚೌಕಿಗೆ ಒಯ್ಯುವ ರೊಟ್ಟಿ ಕಲ್ಲಾಗದಿರಲೆಂದು ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಹತ್ತುತ್ತಿದ್ದುದನ್ನು ಹೇಳಿದರು. ಆಮೇಲೆ ವೇದಿಕೆ ಇಳಿದು ನೆಟ್ಟಗೆ ಅಡುಗೆಕೋಣೆಗೆ ಹೋದರು. ಅಂಗಿಯ ತೋಳು ಮಡಚಿ, "ಉಸ್ತಾದ್, ನನಗೇನ್ ಕೆಲಸ ಹೇಳ್ರಿ" ಎಂದು ಅವ್ವನ ಪಕ್ಕ ನಿಂತು ಸೌಟು ಹಿಡಿದರು. ಸೈನ್ಯದಲ್ಲಿ ಕೆಲಸ ಕಲಿಸುವ ಹಿರಿಯನಿಗೆ ಉಸ್ತಾದ್ ಎನ್ನುತ್ತಾರಂತೆ.

ಅವತ್ತೂ ನನ್ನ ಬಾಯಿಂದ ಅವ್ವ ಎಂಬ ಮಾತು ಬರಲಿಲ್ಲ. ಚಾಚಾ ಗಮನಿಸಿದ್ದರು. ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು ಮೆಲ್ಲಗೆ ಹೇಳಿದರು.

"ಬೇಟಿ, ನಾ ಲಾಂಗ್ರಿ ಅಂತ ಹೇಳ್ಲಾಕ ನನಗೂ ಭಾಳ ದಿನ ಹಿಡೀತು. ಮನಿಗಿ ಬರ್ದ ಕಾಗದದಾಗ ಬರೇ ಬಂದೂಕಿನ ಮಾತೇ ಇರ್ತಿತ್ತು. ನಿನಗೂ ಟೈಮ್ ಹಿಡೀತದ. ಹಿಡೀಲಿ."

ನಾನೀಗ ಬೀದರಿನಲ್ಲಿ ನರ್ಸು. ಹೋದ ವರ್ಷ ಚಾಚಾ ತೀರಿಕೊಂಡರು. ಸಾವಾದ ಮನೆಯಲ್ಲಿ ಮೂರು ದಿನ ಮುಸ್ಲಿಮರು ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ಕಳಿಸಬೇಕು. ಮೊದಲ ದಿನದ ಅಡುಗೆ ಅವ್ವ ತಾನೇ ಮಾಡುತ್ತೇನೆಂದು ಹಟ ಹಿಡಿದಳು. ದಾಲಿನ ಪಾತೇಲಿ ನಾನು ಹೊತ್ತೆ, ಅನ್ನದ ಬುಟ್ಟಿ ಅವಳು. ಮಾತಾಡಿಸಲು ಬಂದಿದ್ದ ಹಳೆಯ ಹೆಡ್‌ಮಾಸ್ತರರು ಒಂದು ತುತ್ತು ಬಾಯಿಗಿಟ್ಟು, ಯಾವ ಬಾವರ್ಚಿಯನ್ನು ಕರೆಸಿದಿರಿ ಎಂದು ಕೇಳಿದರು.

"ನಮ್ಮವ್ವ ಮಾಡ್ಯಾಳ್ರಿ ಸರ್. ನಿಮ್ಮ ಸಾಲ್ಯಾಗ ಅಡಗಿ ಮಾಡ್ತಿದ್ದಳಲ್ಲರಿ, ಆಕಿ ನಮ್ಮವ್ವ."

ಅವ್ವ ಅವರ ತಾಟಿಗೆ ಇನ್ನಷ್ಟು ಅನ್ನ ಹಾಕಿದಳು. ಮರಳುವಾಗ, ಹತ್ತು ಹೆಜ್ಜೆ ದೂರದ ನಮ್ಮ ಮನೆ ಮುಟ್ಟುವುದರೊಳಗೆ ಎರಡು ಸಲ ನಿಂತಳು. ನನ್ನ ಕೈ ಮಾತ್ರ ಬಿಡಲಿಲ್ಲ.