ಚಡ್ಡಿಯ ಎಲಾಸ್ಟಿಕ್ಕೂ ಬಸ್ ಸ್ಟಾಪೂ

ನಾನು ಚಿಕ್ಕವನಿದ್ದಾಗ ನನ್ನದೊಂದು ಹೊಚ್ಚ ಹೊಸ ಚಡ್ಡಿ ಒಳ್ಳೆಯ ಕೆಲಸಕ್ಕಾಗಿ ಪ್ರಾಣ ಬಿಟ್ಟಿತು. ನಗಬೇಡಿ! ನಕ್ಕರೆ ಇಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಸರಿ ಮಕ್ಕಳೇ, ನಕ್ಕಿದ್ದು ಸಾಕು, ಹತ್ತಿರ ಬನ್ನಿ.

ತೊಂಬತ್ತರ ದಶಕ ಅದು. ನಾವು ಇಲ್ಲೇ ಅಮೆರಿಕದ ಜರ್ಮನ್‌ಟೌನಿನಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕಂದು ಇಟ್ಟಿಗೆಯ ಒಂಬತ್ತು ಕಟ್ಟಡಗಳು, ನಡುವೆ ಪಾರ್ಕಿಂಗ್ ಲಾಟ್, ಒಂದು ಮೂಲೆಯಲ್ಲಿ ಎಲ್ಲರ ಅಂಚೆ ಡಬ್ಬಿಗಳು. ಅಪ್ಪ ಒಂದು ಲ್ಯಾಬಿನಲ್ಲಿ ವಿಜ್ಞಾನಿ. ನನಗೆ ಎಂಟು ವರ್ಷ, ಅಕ್ಕನಿಗೆ ಹನ್ನೊಂದು. ನಮ್ಮ ಕಟ್ಟಡಗಳ ಮುಂದೆ ಆರು ಲೇನಿನ ರಸ್ತೆ, ಅದರಾಚೆ ದೊಡ್ಡ ದೊಡ್ಡ ಸ್ವಂತ ಮನೆಗಳು. ನಾವು ಈ ಕಡೆಯವರು, ಅವರು ಆ ಕಡೆಯವರು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಮಕ್ಕಳಿಗೂ ಅದು ಗೊತ್ತಿತ್ತು.

ಶಾಲೆಯ ಹಳದಿ ಬಸ್ಸು ದಿನಾ ಒಳಗೆ ಬಂದು ಅಂಚೆ ಡಬ್ಬಿಗಳ ಪಕ್ಕದಲ್ಲೇ ನಿಲ್ಲುತ್ತಿತ್ತು. ಒಂದು ದಿನ ಮಾತ್ರ ಬದಲಿ ಡ್ರೈವರ್ ಒಬ್ಬರು ನಮ್ಮನ್ನು ರಸ್ತೆಯ ಆ ಕಡೆ ಇಳಿಸಿ ಹೊರಟುಹೋದರು. ನಮ್ಮ ಕೆಳಗಿನ ಮನೆಯಲ್ಲಿ ಎಲ್ ಸಾಲ್ವಡೋರಿನಿಂದ ಬಂದ ಕುಟುಂಬವಿತ್ತು. ಅವರ ಮಗಳು ಒಂದನೇ ಕ್ಲಾಸು, ಅಕ್ಕನ ಕೈ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅಕ್ಕ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದಳು. ಆ ದಿನ ರಸ್ತೆಯ ನಡುವೆ ಪುಟ್ಟಿಗೆ ಈ ಕಡೆ ನಿಂತ ತನ್ನ ಅಮ್ಮ ಕಂಡರು. ಕೈ ಬಿಡಿಸಿಕೊಂಡು ಓಡಿಯೇಬಿಟ್ಟಳು. ಟ್ರಕ್ಕೊಂದು ಕಿರುಚಿಕೊಂಡು ಬ್ರೇಕ್ ಹಾಕಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತು. ಟೈರು ಸುಟ್ಟ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅಕ್ಕ ಅಂದು ಊಟ ಮಾಡಲಿಲ್ಲ, ತನ್ನ ಕೈಯನ್ನೇ ನೋಡಿಕೊಂಡು ಕೂತಿದ್ದಳು.

ಅದಾದ ವಾರಕ್ಕೆ ನಮಗೊಂದು ರಜ. ಟೀಚರುಗಳಿಗೆ ಕೆಲಸ, ಮಕ್ಕಳಿಗೆ ಮಜಾ. ಬೆಳಗ್ಗೆ ಅಕ್ಕ ನನ್ನ ಬ್ಯಾಕ್‌ಪ್ಯಾಕ್ ತೆಗೆದು ಕೊಡವಿದಳು. ಕೊಳೆತ ಬಾಳೆಹಣ್ಣಿಗೆ ಅಂಟಿಕೊಂಡ ಒಂದು ನೋಟಿಸು ಬಿತ್ತು. ಅಂಚೆ ಡಬ್ಬಿಗಳ ಹತ್ತಿರದ ಸ್ಟಾಪ್ ತೆಗೆಯುತ್ತೇವೆ, ಇನ್ನು ಮುಂದೆ ಎಲ್ಲರೂ ರಸ್ತೆಯಾಚೆಯ ಸ್ಟಾಪಿಗೇ ಬರಬೇಕು, ಆಕ್ಷೇಪಣೆ ಇದ್ದವರು ಇಂದು ಸಂಜೆ ಏಳಕ್ಕೆ ಶಾಲೆಯ ಮೀಟಿಂಗಿಗೆ ಬನ್ನಿ ಎಂದಿತ್ತು. ಮನೆಗೊಂದರಂತೆ ಕೊಟ್ಟಿದ್ದ ಆ ನೋಟಿಸು ಹತ್ತು ದಿನ ಹಳೆಯದು. ಅಕ್ಕ ನನ್ನ ಕಿವಿ ಹಿಂಡಿದಳು. ತಪ್ಪು ನನ್ನದೇ, ಹಾಗಾಗಿ ನಾನು ಕಿರುಚಲಿಲ್ಲ.

ನಮ್ಮ ಕಡೆಯವರು ಯಾರೂ ಮೀಟಿಂಗಿಗೆ ಹೋಗುತ್ತಿರಲಿಲ್ಲ. ಕೆಲವರಿಗೆ ಎರಡು ಕೆಲಸ, ಕೆಲವರಿಗೆ ಇಂಗ್ಲಿಷ್ ಬರದು, ನಮ್ಮಂಥವರಿಗೆ ಸಂಕೋಚ. ಎಲ್ಲರಿಗೂ ತಿಳಿಸಬೇಕು, ಮನೆ ಮನೆಗೆ ಚೀಟಿ ಹಾಕಬೇಕು ಎಂದು ಅಕ್ಕ ಹಟ ಹಿಡಿದಳು. ಬಾಡಿಗೆ ಆಫೀಸಿನವರು ತಮ್ಮ ಕಾಪಿಯರ್ ಮಕ್ಕಳಿಗೆ ಕೊಡುವುದಿಲ್ಲ ಎಂದರು. ನಮ್ಮ ಕಾರು ರಿಪೇರಿಗೆ ಹೋಗಿತ್ತು, ಅದಕ್ಕೇ ಅಪ್ಪ ಅಂದು ರಜ ಹಾಕಿ ಮನೆಯಲ್ಲಿದ್ದರು. ಫೋನ್ ಮಾಡಿ ಲ್ಯಾಬಿನ ಸ್ನೇಹಿತರ ಕೈಲಾದರೂ ನೂರು ಕಾಪಿ ಮಾಡಿಸಿ ತರಿಸಪ್ಪ ಎಂದು ಅಕ್ಕ ಗೋಗರೆದಳು.

"ಲ್ಯಾಬ್ ಮೆಷಿನ್‌ನಲ್ಲಿ ಇಂಥದ್ದೆಲ್ಲ ಮಾಡ್ಸೋ ಹಾಗಿಲ್ಲಮ್ಮ. ಗ್ರೀನ್ ಕಾರ್ಡ್ ಇನ್ನೂ ಪ್ರಾಸೆಸ್ ಆಗ್ತಿದೆ. ನಮಗ್ಯಾಕೆ ಊರ ಉಸಾಬರಿ? ನಿಮ್ಮಿಬ್ರನ್ನ ನಾನೇ ಡ್ರೈವ್ ಮಾಡ್ಕೊಂಡು ಬಿಡ್ತೀನಿ," ಎಂದರು ಅಪ್ಪ.

"ಪುಟ್ಟಿನ ಯಾರು ಬಿಡ್ತಾರೆ?" ಎಂದಳು ಅಕ್ಕ. ಅಪ್ಪ ಪೇಪರು ಬಿಡಿಸಿಕೊಂಡರು. ಅಕ್ಕ ದಡದಡ ಮೆಟ್ಟಿಲಿಳಿದಳು, ಹಿಂದೆ ನಾನು.

ಕೆಳಗೆ, ಬಟ್ಟೆ ಒಗೆಯುವ ಮೆಷಿನ್‌ಗಳ ಕೋಣೆಯ ಪಕ್ಕದಲ್ಲಿ ಪೋಲೆಂಡ್ ಅಂಕಲ್ ಅವರ ವರ್ಕ್‌ಶಾಪ್ ಇತ್ತು. ಒಂಬತ್ತು ಕಟ್ಟಡಗಳ ನಲ್ಲಿ, ಹೀಟರ್, ಬಲ್ಬು ಎಲ್ಲ ನೋಡಿಕೊಳ್ಳುತ್ತಿದ್ದವರು ಅವರೇ. ಬಿಳಿ ಮೀಸೆ, ಅಗಲವಾದ ಅಂಗೈ. ನಮ್ಮ ಮನೆಯ ನಲ್ಲಿ ರಿಪೇರಿಗೆ ಬಂದಾಗ ಅಮ್ಮ ಅವರಿಗೆ ಪೇಪರ್ ಕಪ್ಪಿನಲ್ಲಿ ಕಾಫಿ ಕೊಡುತ್ತಿದ್ದರು, ಉಳಿದ ಅತಿಥಿಗಳಿಗೆಲ್ಲ ಸ್ಟೀಲ್ ಲೋಟ. ನಾನು ಅದನ್ನು ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂಕಲ್ ನೋಟಿಸನ್ನು ಎರಡು ಸಲ ಓದಿದರು. ಅವರ ಇಂಗ್ಲಿಷ್ ತುಂಡು ತುಂಡು, ನಿಮಗಾಗಿ ನಾನು ಕನ್ನಡದಲ್ಲೇ ಹೇಳುತ್ತೇನೆ. "ಕಾಪಿಯರ್ ಯಾಕೆ ಬೇಕು? ನಮ್ಮೂರಲ್ಲಿ ಪ್ರಿಂಟಿಂಗ್ ಮೆಷಿನ್ ಇಟ್ಟುಕೊಂಡರೆ ಪೊಲೀಸರು ಜೈಲಿಗೆ ಹಾಕುತ್ತಿದ್ದರು. ಆದರೂ ನಾನು ಅಡುಗೆಮನೆಯಲ್ಲಿ ಕೂತು ಸಾವಿರ ಸಾವಿರ ಕಾಗದ ಅಚ್ಚು ಹಾಕಿದ್ದೇನೆ," ಎಂದರು. ಅವರ ಕಣ್ಣು ಮಿಂಚುತ್ತಿತ್ತು. ನನಗೆ ಮೈ ಜುಮ್ಮೆಂದಿತು. ನಮ್ಮ ನಲ್ಲಿ ರಿಪೇರಿ ಅಂಕಲ್ ಪೊಲೀಸರ ಕಣ್ಣಿಗೆ ಮಣ್ಣೆರಚಿದವರೇ!

ಅವರು ಹಳೆಯ ಕಿಟಕಿಯ ಮರದ ಚೌಕಟ್ಟು ತೆಗೆದರು. ಅದಕ್ಕೆ ತೆಳು ನೈಲಾನ್ ಪರದೆಯನ್ನು ಬಿಗಿಯಾಗಿ ಎಳೆದು ಮೊಳೆ ಹೊಡೆದರು. ಮೇಣದ ಕಾಗದದ ಮೇಲೆ ಅಕ್ಕ ದೊಡ್ಡ ಅಕ್ಷರದಲ್ಲಿ 'ಬಸ್ ಸ್ಟಾಪ್ ಉಳಿಸಿ, ಇಂದು ಆರೂವರೆಗೆ ಅಂಚೆ ಡಬ್ಬಿಗಳ ಹತ್ತಿರ ಸೇರಿ' ಎಂದು ಬರೆದಳು, ಅದನ್ನು ಬ್ಲೇಡಿನಲ್ಲಿ ಕೊರೆದು ಪರದೆಗೆ ಅಂಟಿಸಿದರು. ಮೇಲಿನ ಸಾಲು ಇಂಗ್ಲಿಷಿನಲ್ಲಿ, ಕೆಳಗಿನದು ಪುಟ್ಟಿಯ ಅಮ್ಮ ಬರೆದುಕೊಟ್ಟ ಸ್ಪ್ಯಾನಿಷಿನಲ್ಲಿ. ಪರದೆಯ ಮೇಲೆ ಕಪ್ಪು ಬಣ್ಣ ಸುರಿದು, ಗಾಜು ಒರೆಸುವ ರಬ್ಬರಿನಿಂದ ಎಳೆದರೆ ಕೊರೆದ ಜಾಗದಲ್ಲಿ ಮಾತ್ರ ಬಣ್ಣ ಇಳಿದು ಕಾಗದದ ಮೇಲೆ ಅಕ್ಷರ ಮೂಡುತ್ತದೆ. "ಒಂದು ಕಾಗದ ಆದ ಕೂಡಲೇ ಚೌಕಟ್ಟು ತಾನಾಗಿ ಮೇಲೇಳಬೇಕು. ಇಲ್ಲದಿದ್ದರೆ ಸಂಜೆಯೊಳಗೆ ಮುಗಿಯೋದಿಲ್ಲ. ಅದಕ್ಕೆ ಎಲಾಸ್ಟಿಕ್ ಬೇಕು. ನಾವು ಚಡ್ಡಿಯಿಂದ ಬಿಚ್ಚುತ್ತಿದ್ದೆವು. ಊರಲ್ಲಿ ಒಳ್ಳೆಯ ಎಲಾಸ್ಟಿಕ್ ಇನ್ನೆಲ್ಲೂ ಸಿಗುತ್ತಿರಲಿಲ್ಲ," ಎಂದು ಅಂಕಲ್ ಗಂಭೀರವಾಗಿ ಹೇಳಿದರು.

ನಾನು ಮನೆಗೆ ಹಾರಿದೆ. ಬೀರುವಿನಿಂದ ಅಪ್ಪನ ಎರಡು ಪಟ್ಟಾಪಟ್ಟಿ ಚಡ್ಡಿ ಎಗರಿಸಿ ತಂದೆ. ಅಂಕಲ್ ಒಂದನ್ನು ಬೆಳಕಿಗೆ ಹಿಡಿದು ಸೊಂಟದ ಸುತ್ತ ತಡಕಿದರು. ಎಲಾಸ್ಟಿಕ್ ಎಲ್ಲಿ? ಎಳೆದರೆ ಮೊಳದುದ್ದದ ಬಿಳಿ ಲಾಡಿ ಬಂತು, ಮತ್ತೂ ಎಳೆದರೆ ಮತ್ತೂ ಬಂತು! ಮೈಸೂರಿನಿಂದ ತಂದ ಲಾಡಿ ಚಡ್ಡಿ ಅದು. ಅಂಕಲ್ ಮೀಸೆ ಅದುರುವ ಹಾಗೆ ನಕ್ಕರು. ಅಕ್ಕ ನನ್ನ ಕಡೆ ತಿರುಗಿ ಒಂದು ಥರಾ ನೋಡಿದಳು. ನನಗೆ ಅರ್ಥವಾಯಿತು. ಹಿಂದಿನ ವಾರವಷ್ಟೇ ಕೊಡಿಸಿದ್ದ, ನೀಲಿ ಡೈನೋಸಾರುಗಳಿದ್ದ ನನ್ನ ಚಡ್ಡಿ! ಮೇಲೆ ಓಡಿ ಬದಲಾಯಿಸಿಕೊಂಡು, ಕಣ್ಣು ಮುಚ್ಚಿ ಅದನ್ನು ಅಂಕಲ್ ಕೈಗಿಟ್ಟೆ. ಕತ್ತರಿ ಕಚಕಚ ಎಂದಿತು. ಎಲಾಸ್ಟಿಕ್ ಚೌಕಟ್ಟಿನಿಂದ ಮೇಲಿನ ಪೈಪಿಗೆ ಏರಿತು. ಅಂಕಲ್ ರಬ್ಬರ್ ಎಳೆದು ಕೈ ಬಿಟ್ಟರು, ಚೌಕಟ್ಟು ಟಪಕ್ಕನೆ ಮೇಲೆದ್ದಿತು. ನಾವಿಬ್ಬರೂ ಕುಣಿದಾಡಿದೆವು.

ಆದರೆ ಬಣ್ಣ ಕೈಕೊಟ್ಟಿತು. ನೀರುನೀರಾಗಿ ಹರಡಿ ಅಕ್ಷರಗಳೆಲ್ಲ ಕಲಸಿಹೋದವು. ಅಂಕಲ್ ಬಟ್ಟೆ ಒಗೆಯುವ ಸೋಪಿನ ಲೋಳೆ ಬೆರೆಸಿದರೆ ಈಗ ತೀರಾ ಗಟ್ಟಿಯಾಯಿತು. ಗಂಟೆ ಎರಡಾಯಿತು, ಎರಡೂವರೆಯಾಯಿತು. ಕೆಟ್ಟ ಕಾಗದಗಳ ರಾಶಿ ಬೆಳೆಯುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಬಂದು ನಿಂತರು. ಅವರ ಚಡ್ಡಿ ಮೇಜಿನ ಮೇಲೆ, ಲಾಡಿ ನೆಲದ ಮೇಲೆ.

"ಸಾಕು, ಮೇಲೆ ಬನ್ನಿ ಇಬ್ರೂ. ಇದು ನಮ್ಮಂಥೋರು ಮಾಡೋ ಕೆಲಸ ಅಲ್ಲ," ಎಂದು ಅಪ್ಪ ಕನ್ನಡದಲ್ಲಿ ಗದರಿದರು. ಏನಂದರು ಎಂದು ಅಂಕಲ್ ಕೇಳಿದರು. ಅಕ್ಕ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಅಪ್ಪನ ಮುಖ ಕೆಂಪಾಯಿತು.

ಅಂಕಲ್‌ಗೆ ಸಿಟ್ಟು ಬರಲಿಲ್ಲ. ಕೈ ಒರೆಸಿಕೊಂಡು ತಮ್ಮ ದೇಶದ ಕಥೆ ಹೇಳಿದರು. ನೂರಕ್ಕೂ ಹೆಚ್ಚು ವರ್ಷ ನೆರೆಯ ಮೂರು ರಾಜ್ಯಗಳು ಪೋಲೆಂಡನ್ನು ಹೋಳು ಮಾಡಿ ಹಂಚಿಕೊಂಡಿದ್ದವಂತೆ, ಮ್ಯಾಪಿನಲ್ಲಿ ಆ ದೇಶದ ಹೆಸರೇ ಇರಲಿಲ್ಲವಂತೆ. ಜಮೀನ್ದಾರರು ಸ್ವಾತಂತ್ರ್ಯಕ್ಕಾಗಿ ದಂಗೆ ಎದ್ದಾಗ ಎಷ್ಟೋ ಊರಿನ ರೈತರು, ಈ ಯಜಮಾನರು ಗೆದ್ದರೆ ನಮಗೇನು ಬಂತು ಎಂದು ಹೊಲದಲ್ಲೇ ಉಳಿದರಂತೆ. ಮುಂದೆ ಸ್ವಾತಂತ್ರ್ಯ ಬಂತು, ಮತ್ತೆ ಹೋಯಿತು. ಅಂಕಲ್ ಹಡಗು ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದ ಕಾಲಕ್ಕೆ ದೇಶದ ಜುಟ್ಟು ಇನ್ನೊಂದು ದೊಡ್ಡ ದೇಶದ ಕೈಯಲ್ಲಿತ್ತು. "ಕಾಲೇಜಿನವರು ಬೀದಿಗಿಳಿದಾಗ ನಾವು ಕೆಲಸಗಾರರು ಕಿಟಕಿಯಲ್ಲಿ ನಿಂತು ನೋಡಿದೆವು. ಆಮೇಲೆ ನಾವು ಬೀದಿಗಿಳಿದಾಗ ಓದಿದವರು ಕಿಟಕಿಯಲ್ಲಿ ನಿಂತರು. ನಮ್ಮ ಮೇಲೆ ಗುಂಡು ಹಾರಿತು. ನನ್ನ ಪಕ್ಕದಲ್ಲಿದ್ದ ಗೆಳೆಯ ಬಿದ್ದುಹೋದ," ಎಂದರು. ಪಕ್ಕದ ಕೋಣೆಯಲ್ಲಿ ಬಟ್ಟೆ ಒಣಗಿಸುವ ಡ್ರೈಯರ್‌ಗಳು ಗುರುಗುಟ್ಟುತ್ತಿದ್ದವು. "ಹತ್ತು ವರ್ಷ ಕಳೆದ ಮೇಲೆ ಒಬ್ಬ ಪ್ರೊಫೆಸರ್ ನನ್ನ ಅಡುಗೆಮನೆಗೆ ಬಂದು, ಕೋಟು ಬಿಚ್ಚಿಟ್ಟು, ನನಗೂ ರಬ್ಬರ್ ಎಳೆಯೋದು ಕಲಿಸು ಅಂದರು. ಈ ಸಲ ಗೆಲ್ಲುತ್ತೇವೆ ಅಂತ ನನಗೆ ಆವತ್ತೇ ಗೊತ್ತಾಯಿತು."

ಅಪ್ಪ ಮೇಜಿನ ಹತ್ತಿರ ಬಂದರು. ಆಮೇಲೆ ಕೆಟ್ಟ ಕಾಗದವೊಂದನ್ನು ಎತ್ತಿ ಬೆರಳಿನಿಂದ ಬಣ್ಣ ತಿಕ್ಕಿ ನೋಡಿದರು, ಮೂಸಿದರು. ವಾಚು ಬಿಚ್ಚಿ ಜೇಬಿಗೆ ಹಾಕಿಕೊಂಡರು.

"ಸೋಪು ಸುಮ್ನೆ ಸುರಿದ್ರೆ ಆಗಲ್ಲ. ಒಂದು ಚಮಚ ತಗೊಂಡ್ಬಾರೋ," ಎಂದರು ನನಗೆ.

ನಾನು ಗಾಳಿಯಂತೆ ಓಡಿದೆ. ಅಪ್ಪ ಒಂದು ಡಬ್ಬಿಯಲ್ಲಿ ಒಂದು ಚಮಚ, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಮೂರು ಚಮಚ ಸೋಪು ಬೆರೆಸಿ, ಒಂದೊಂದನ್ನೂ ಎಳೆದು ನೋಡಿದರು. ಮೂರನೆಯದು ಗೆದ್ದಿತು! ಅಕ್ಷರಗಳು ಕಣ್ಣಿಗೆ ಕಟ್ಟುವ ಹಾಗೆ ನಿಂತವು. ಅಂಕಲ್ ಅಪ್ಪನ ಬೆನ್ನಿಗೆ ಎಂಥ ಗುದ್ದು ಕೊಟ್ಟರೆಂದರೆ ಅಪ್ಪನ ಕನ್ನಡಕ ಮೂಗಿನ ತುದಿಗೆ ಬಂತು. ಮುಂದೆ ಕೆಲಸ ಭರ್ರೆಂದು ಸಾಗಿತು. ಅಂಕಲ್ ಕಾಗದ ಇಟ್ಟರು, ಅಪ್ಪ ರಬ್ಬರ್ ಎಳೆದರು, ಅಕ್ಕ ತೆಗೆದಳು, ನಾನು ಒಯ್ದು ಬೆಚ್ಚಗಿನ ಡ್ರೈಯರ್‌ಗಳ ಮೇಲೆ ಒಣಗಲು ಹರಡಿದೆ. ಸೋಪು, ಬಣ್ಣ, ಬಿಸಿ ಬಟ್ಟೆಯ ವಾಸನೆ ಸೇರಿ ತಲೆ ತಿರುಗುವಂತಿತ್ತು. ನಮ್ಮನ್ನು ಹುಡುಕಿಕೊಂಡು ಬಂದ ಅಮ್ಮ ಒಂದು ಗಳಿಗೆ ನಿಂತು ನೋಡಿ, ಮೇಲೆ ಹೋಗಿ ಎಲ್ಲರಿಗೂ ಕಾಫಿ ತಂದರು. ಅಂಕಲ್‌ಗೆ ಕೊಟ್ಟಿದ್ದು ಸ್ಟೀಲ್ ಲೋಟದಲ್ಲಿ.

ಐದು ಗಂಟೆಗೆ ನಾವು ಮೂವರು ಹೊರಟೆವು. ಅಕ್ಕ, ನಾನು, ಪುಟ್ಟಿ. ಒಂಬತ್ತು ಕಟ್ಟಡ, ಒಂದೊಂದಕ್ಕೆ ಹನ್ನೆರಡು ಬಾಗಿಲು. ಹತ್ತಿ ಇಳಿದು ಹತ್ತಿ ಇಳಿದು ನನ್ನ ಮಂಡಿ ಪದ ಹಾಡಿತು. ಒಂದು ಬಾಗಿಲ ಸಂದಿಯಿಂದ ಒಗ್ಗರಣೆ, ಇನ್ನೊಂದರಿಂದ ಹುರಿದ ಮೀನು, ಮತ್ತೊಂದರಿಂದ ಬೇಯುವ ಬೀನ್ಸಿನ ವಾಸನೆ. ಆರೂವರೆಗೆ ಅಂಚೆ ಡಬ್ಬಿಗಳ ಹತ್ತಿರ ಬಂದು ನಿಂತರೆ ಅಲ್ಲಿ ಅಪ್ಪ, ಅಮ್ಮ, ಅಂಕಲ್ ಮೂವರೇ. ಅಕ್ಕ ತುಟಿ ಕಚ್ಚಿಕೊಂಡಳು. ಹತ್ತು ದಿನ ನೋಟಿಸನ್ನು ಬಾಳೆಹಣ್ಣಿನ ಜೊತೆ ಇಟ್ಟುಕೊಂಡವನು ನಾನೇ ತಾನೆ?

ಮೊದಲು ಪುಟ್ಟಿಯ ಅಪ್ಪ ಅಮ್ಮ ಬಂದರು. ಆಮೇಲೆ ನರ್ಸ್ ಬಟ್ಟೆಯಲ್ಲೇ ಒಬ್ಬರು, ತೊಟ್ಟಿಲ ಕೂಸನ್ನೆತ್ತಿಕೊಂಡು ಒಬ್ಬರು, ಪಿಜ್ಜಾ ಅಂಗಡಿಯ ಟೋಪಿಯಲ್ಲಿ ಇಬ್ಬರು. ಬಾಗಿಲುಗಳು ಧಡ್ ಧಡ್ ಎಂದು ಮುಚ್ಚುವ ಸದ್ದು ಕಟ್ಟಡದಿಂದ ಕಟ್ಟಡಕ್ಕೆ ಹಬ್ಬಿತು. ಬಂದರು, ಬಂದರು, ಬರುತ್ತಲೇ ಇದ್ದರು! ಎಲ್ಲರ ಕೈಯಲ್ಲೂ ನಮ್ಮ ಕಾಗದ. ಶಾಲೆ ರಸ್ತೆಯಾಚೆ ಹದಿನೈದು ನಿಮಿಷದ ನಡಿಗೆ, ಎಲ್ಲರೂ ಒಟ್ಟಿಗೆ ಆ ಆರು ಲೇನಿನ ರಸ್ತೆಗೆ ಇಳಿದೆವು. ಸಾಲು ಮುಗಿಯುವ ಮೊದಲೇ ಸಿಗ್ನಲ್ ಬದಲಾಯಿತು. ಕಾರುಗಳು ಹಾರ್ನ್ ಹೊಡೆದವು. ಅಕ್ಕ ಪುಟ್ಟಿಯ ಕೈಯನ್ನು ಎರಡೂ ಕೈಯಿಂದ ಹಿಡಿದಿದ್ದಳು.

ಶಾಲೆಯಲ್ಲಿ ಹಾಕಿದ್ದ ಕುರ್ಚಿಗಳು ಸಾಲಲಿಲ್ಲ, ನಾವು ಗೋಡೆಗೊರಗಿ ನಿಂತೆವು. ಮುಂದೆ ಕೂತಿದ್ದ ಆ ಕಡೆಯವರು ತಿರುಗಿ ತಿರುಗಿ ನೋಡಿದರು. ಯಾರು ಮಾತಾಡುತ್ತೀರಿ ಎಂದು ಅಧಿಕಾರಿ ಕೇಳಿದರು. ಎಲ್ಲರೂ ನೆಲ ನೋಡುತ್ತಿದ್ದರು. ಆಗ ಒಂದು ಕೈ ಮೇಲೆದ್ದಿತು. ಮೊಣಕೈವರೆಗೂ ಮಸಿ. ನಮ್ಮ ಅಪ್ಪನ ಕೈ!

"ನಾವು ಈಗ ತಾನೇ ಆ ರಸ್ತೆ ದಾಟಿ ಬಂದೆವು. ದೊಡ್ಡವರು, ಇಷ್ಟು ಜನ ಒಟ್ಟಿಗೆ. ಆದರೂ ನನಗೆ ಭಯವಾಯಿತು. ಈ ಮಗು ಒಂದೇ ಹೇಗೆ ದಾಟಬೇಕು, ಹೇಳಿ," ಎಂದು ಅಪ್ಪ ಇಂಗ್ಲಿಷಿನಲ್ಲಿ ಹೇಳಿ ಪುಟ್ಟಿಯನ್ನು ಮುಂದೆ ತಂದರು. ಅವರ ದನಿ ನಡುಗುತ್ತಿತ್ತು. ಮುಂದಿನ ಸಾಲಿನ ಆ ಕಡೆಯ ಹೆಂಗಸೊಬ್ಬರು ಎದ್ದು, ಇದು ನಮಗೆ ಗೊತ್ತೇ ಇರಲಿಲ್ಲ, ಸ್ಟಾಪ್ ಅಲ್ಲೇ ಇರಲಿ ಎಂದರು. ಸೋಮವಾರ ಬೆಳಗ್ಗೆ ಹಳದಿ ಬಸ್ಸು ಎಂದಿನಂತೆ ಒಳಗೆ ಬಂತು.

ಈಗ ನಿಮ್ಮ ಕಾಲ. ನಿಮಗೆ ಚೌಕಟ್ಟು ಬೇಡ, ಮಸಿ ಬೇಡ. ಬೆರಳು ಮುಟ್ಟಿಸಿದರೆ ಸಾವಿರ ಮನೆಗೆ ಸುದ್ದಿ. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಾವೀಗ ಇರುವುದು ದೊಡ್ಡ ಮನೆಯಲ್ಲಿ. ನಾವೇ ಈಗ ಆ ಕಡೆಯವರು. ಮೊನ್ನೆ ಮನೆಯವರೆಲ್ಲರ ಫೋನಿಗೂ ಒಂದು ಮೆಸೇಜ್ ಬಂತಲ್ಲ, ಹಿಂದಿನ ಅಪಾರ್ಟ್‌ಮೆಂಟುಗಳ ಮಕ್ಕಳು ನಮ್ಮ ಪಾರ್ಕಿಗೆ ಬರದಂತೆ ಗೇಟ್ ಹಾಕೋಣವೇ ಎಂದು? ನಿಮ್ಮಣ್ಣ ಊಟದ ನಡುವೆ ಓದದೆಯೇ 'ಹೌದು' ಒತ್ತಿಬಿಟ್ಟ. ನಾನು ಅವನನ್ನು ಬೈದೆ, ನೀವೆಲ್ಲ ಕೇಳಿಸಿಕೊಂಡಿರಿ. ಆದರೆ ನಿಮಗೊಂದು ಗೊತ್ತಿಲ್ಲ. ಆ ಮೆಸೇಜನ್ನು ಅವನಿಗಿಂತ ಎರಡು ದಿನ ಮೊದಲೇ ನಾನು ನೋಡಿದ್ದೆ. ನಮಗ್ಯಾಕೆ ಎಂದು ಸುಮ್ಮನಿದ್ದೆ. ನಾನು!

ಬುಧವಾರ ಸಂಜೆ ಏಳಕ್ಕೆ ಕ್ಲಬ್‌ಹೌಸಿನಲ್ಲಿ ಅದರ ಮೀಟಿಂಗ್. ನಾನು ಕೈ ಎತ್ತುವುದಕ್ಕೆ ಹೋಗುತ್ತಿದ್ದೇನೆ. ನನಗೂ ದನಿ ನಡುಗುತ್ತದೆ, ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಒಳ್ಳೆಯದು. ಬರುವವರು ಯಾರು, ಈಗಲೇ ಹೇಳಿ.