ತೋರಣದ ಮೊಳೆ, ಹರಿದ ಬೆಲ್ಟು

ಕಮ್ಮರಡಿಯ ಆ ಮನೆಯ ಮುಂಬಾಗಿಲನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮಗಳ ಮದುವೆಗೆ ಮೊದಲು ಬಾಗಿಲು, ಅದರ ಚೌಕಟ್ಟಾದ ದಾರಂದ ಎರಡನ್ನೂ ಉಜ್ಜಿ ಪಾಲಿಶ್ ಮಾಡಿಕೊಡಬೇಕೆಂದು ಮನೆಯ ಯಜಮಾನರು ಕರೆದಿದ್ದರು. ನಾನು ಮರಗೆಲಸದವನು. ಮೊಬೈಲು ಇನ್ನೂ ಹೊಸತಾಗಿದ್ದ ಆ ಕಾಲದಲ್ಲಿ ಕೈಯಲ್ಲಿ ಹಿಡಿಯುವ ಬೆಲ್ಟ್ ಸ್ಯಾಂಡರ್ ತಂದಿದ್ದೆ, ಉಜ್ಜುಕಾಗದದ ಬೆಲ್ಟು ಗರಗರ ತಿರುಗಿ ಮರ ಉಜ್ಜುವಂಥದ್ದು. ಅಂಥ ಮಿಷಿನ್ ಸುತ್ತಮುತ್ತ ಯಾರ ಹತ್ತಿರವೂ ಇಲ್ಲವೆಂಬ ಜಂಬ ಬೇರೆ.

ಬಾಗಿಲು ಸಲೀಸಾಗಿ ಮುಗಿಯಿತು. ದಾರಂದದ ಮೇಲಿನ ಅಡ್ಡಪಟ್ಟಿಗೆ ಮಿಷಿನ್ ಇಟ್ಟದ್ದೇ ತಡ, ಬೆಲ್ಟು ಫಟ್ಟೆಂದು ಹರಿದು ಮುಖಕ್ಕೆ ಬಡಿಯಿತು. ಎರಡನೆಯದು ಹಾಕಿದೆ, ಅದೂ ಹೋಯಿತು. ಮೂರನೆಯದನ್ನು ಹಲ್ಲು ಕಚ್ಚಿ ಒತ್ತಿ ಹಿಡಿದೆ, ಅದು ಚಿಂದಿಯಾಯಿತು. ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತಿದ್ದ ಯಜಮಾನರು, "ಎಂತ ಆಚಾರ್ರೇ, ಮಿಷಿನ್ ಬಂದ್ರೂ ಕೈಯಲ್ಲೇ ಉಜ್ಜಬೇಕಾ?" ಎಂದು ನಕ್ಕರು. ನನ್ನ ಪಿತ್ತ ನೆತ್ತಿಗೇರಿತು.

ಹರಿದ ಬೆಲ್ಟುಗಳನ್ನು ಚೀಲಕ್ಕೆ ತುರುಕಿ ಸೀದಾ ಕೊಪ್ಪಕ್ಕೆ ಬೈಕ್ ಓಡಿಸಿದೆ. ಅವನ್ನು ಕೊಟ್ಟವರು ಹಾರ್ಡ್‌ವೇರ್ ಅಂಗಡಿಯ ಸಾಹೇಬರು. ಅಪ್ಪನ ಕಾಲದಿಂದಲೂ ನಮ್ಮ ಉಳಿ, ಗರಗಸ ಎಲ್ಲ ಅವರಲ್ಲೇ. ಅವತ್ತು ಸಂತೆ, ಅಂಗಡಿ ತುಂಬ ಜನ. ಮೆಟ್ಟಿಲ ಮೇಲೆ ನಿಂತೇ ಕೂಗಿದೆ: "ಡೂಪ್ಲಿಕೇಟ್ ಮಾಲು ಮಾರೋಕೆ ನಾಚ್ಕೆ ಆಗಲ್ವಾ ಸಾಹೇಬ್ರೇ? ಜನರ ತಲೆ ಬೋಳಿಸೋಕೆ ಅಂಗಡಿ ಇಟ್ಕೊಂಡಿದೀರಾ?" ಇನ್ನೂ ಏನೇನೋ ಬೈದೆ. ಬೀಗ ಆರಿಸುತ್ತಿದ್ದವನೊಬ್ಬ ಅದನ್ನು ಅಲ್ಲೇ ಇಟ್ಟು ಇಳಿದುಹೋದ, ಅವನ ಹಿಂದೆ ಇನ್ನಿಬ್ಬರು. ಸಾಹೇಬರ ಮುಖ ಕಪ್ಪಿಟ್ಟಿತು. ಒಳ್ಳೆಯ ಮಾಲು ಸಿಗುತ್ತದೆ ಎಂಬ ಒಂದೇ ಹೆಸರಿನ ಮೇಲೆ ನಡೆಯುತ್ತಿದ್ದ ಅಂಗಡಿ ಅದು.

ಅವರು ತಿರುಗಿ ಬೈಯಲಿಲ್ಲ. ಬೆಲ್ಟನ್ನು ಬೆಳಕಿಗೆ ಹಿಡಿದು, "ಅಂಟು ಬಿಟ್ಟಿಲ್ಲ ಮಾರಾಯ, ಎಂತದೋ ಸೀಳಿದೆ. ನಡಿ, ಮರ ನೋಡೋಣ" ಎಂದರು. ಸಂತೆಯ ದಿನ ಅಂಗಡಿಗೆ ಬಾಗಿಲು ಎಳೆದು ನನ್ನ ಬೈಕಿನ ಹಿಂದೆ ಕೂತರು.

ಕಮ್ಮರಡಿಯ ಮನೆಯಲ್ಲಿ ಹಳೇ ಸೀರೆಯ ಒಂದು ತುಂಡು ಕೇಳಿ ದಾರಂದದ ಉದ್ದಕ್ಕೂ ಎಳೆದರು. ಗೇಣಿಗೊಂದು ಕಡೆ ಬಟ್ಟೆ ಸಿಕ್ಕಿಕೊಂಡಿತು. ಮೊಳೆ! ಯುಗಾದಿಗೊಂದು, ದೀಪಾವಳಿಗೊಂದು, ತೋರಣ ಕಟ್ಟಲು ಹೊಡೆದ ಮೊಳೆಗಳು ತಲೆ ಮುರಿದು ಬಣ್ಣದ ಅಡಿಯಲ್ಲಿ ಕೂತಿದ್ದವು.

"ಹಳೇ ಮೊಳೆಗೇ ಕಟ್ಟಿದ್ರೆ ಎಂತ ಆಗ್ತಿತ್ತು?" ಎಂದು ಯಜಮಾನರ ಮೇಲೆ ಹಾರಿದೆ.

"ಹಬ್ಬದ ದಿನ ತುಕ್ಕು ಹಿಡಿದ ಮೊಳೆಗೆ ತೋರಣ ಕಟ್ತಾರಾ?" ಎಂದು ಅವರು ನನ್ನನ್ನೇ ಕೇಳಿದರು. ಅವರನ್ನೇ ಆ ದಾರಂದಕ್ಕೆ ಹೊಡೆದು ಕೂರಿಸಬೇಕೆನ್ನಿಸಿತು.

ಅಷ್ಟರಲ್ಲಿ ಸಾಹೇಬರು ಮೂರನೆಯ ಬೆಲ್ಟಿನ ಒಳಮೈಯಲ್ಲಿ, ಅದು ಯಾವ ದಿಕ್ಕಿಗೆ ಓಡಬೇಕೆಂದು ತೋರಿಸುವ ಬಾಣದ ಗುರುತು ತೋರಿಸಿದರು. ಸಿಟ್ಟಿನಲ್ಲಿ ಅದನ್ನು ಉಲ್ಟಾ ಹಾಕಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮರವನ್ನು ಒಮ್ಮೆ ಸವರಿ ನೋಡದ, ಬಾಣ ನೋಡದ ಪೆದ್ದ ನಾನು. ಮರ್ಯಾದೆ ಹೋದದ್ದು ಸಾಹೇಬರದ್ದು.

ಇಕ್ಕಳ ಹಿಡಿದು ಮೊಳೆಗಳನ್ನೆಲ್ಲ ಕಿತ್ತೆ, ಬಾರದವನ್ನು ಮರದೊಳಕ್ಕೆ ಇಳಿಸಿದೆ. ಸಾಹೇಬರು ತಂದಿದ್ದ ಹೊಸ ಬೆಲ್ಟನ್ನು ಬಾಣದ ದಿಕ್ಕಿಗೇ ಹಾಕಿ, ಅದು ನಡುವಿನಲ್ಲಿ ಓಡುವಂತೆ ಸರಿಮಾಡಿ, ಒತ್ತದೆ ಮಿಷಿನ್ನಿನ ಭಾರಕ್ಕೇ ಬಿಟ್ಟೆ. ಅದೊಂದೇ ಬೆಲ್ಟಿನಲ್ಲಿ ಇಡೀ ದಾರಂದ ಮುಗಿಯಿತು.

ಸಾಹೇಬರನ್ನು ಬಿಡಲು ಕೊಪ್ಪಕ್ಕೆ ಬಂದಾಗ ಸಂತೆ ಕರಗಿತ್ತು. ನೆಲ ನೋಡುತ್ತ, "ತಪ್ಪಾಯ್ತು ಸಾಹೇಬ್ರೇ" ಎಂದೆ.

ಅವರು ಅಂಗಡಿಯ ಬೀಗ ತೆಗೆಯುತ್ತ ಹೇಳಿದರು: "ಬೈಯುವಾಗ ಇಡೀ ಪೇಟೆಗೆ ಕೇಳ್ತಿತ್ತಲ್ಲ ಮಾರಾಯ. ಇದನ್ನ ಯಾಕೆ ನನಗೊಬ್ಬನಿಗೇ ಕೇಳೋ ಹಾಗೆ ಹೇಳ್ತೀಯ?"

ಎಲ್ಲರೆದುರೇ ತಪ್ಪೊಪ್ಪಿಕೊಳ್ಳಬೇಕೆಂದು ಮುಂದಿನ ಸಂತೆಗೆ ಹೋದೆ. ಅಂಗಡಿ ತುಂಬ ಜನ ಇದ್ದರು. ಸಾಹೇಬರು ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಅಷ್ಟು ದೊಡ್ಡ ಗಂಟಲು ಅವತ್ತು ಎಲ್ಲಿ ಸತ್ತುಹೋಗಿತ್ತೋ, ಥೂ ನನ್ನ ಜನ್ಮಕ್ಕೆ, ಅರ್ಧ ಕಿಲೋ ಮೊಳೆ ಕಟ್ಟಿಸಿಕೊಂಡು ವಾಪಸು ಬಂದೆ.