ಕಿರುಚಕ್ಕ ಮೊದಲು ಕೇಳುತ್ತಿದ್ದ ಪ್ರಶ್ನೆ

ಅವಳನ್ನು ಎಲ್ಲರೂ ಕಿರುಚಕ್ಕ ಅನ್ನುತ್ತಿದ್ದರು, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ಬೇರೆ ಭಾಷೆಯ ಸಿನಿಮಾಗಳಿಗೆ ನಮ್ಮ ಮಾತು ಕೂಡಿಸುವ ಸ್ಟುಡಿಯೋ ಒಂದರಲ್ಲಿ ಕಿರುಚುವುದೇ ಅವಳ ಕೆಲಸ. ಮಾತಾಡುವುದಕ್ಕೆ ಇಂಪಾದ ಗಂಟಲಿನವರು ಬೇರೆ ಇದ್ದರು. ಆಕಾಶದಿಂದ ಏನಾದರೂ ಇಳಿದಾಗ, ನೆಲ ಬಿರಿದು ಏನಾದರೂ ಎದ್ದಾಗ ಇವಳಿಗೆ ಹೇಳಿಕಳಿಸುತ್ತಿದ್ದರು. ಉಳಿದ ದಿನ ಮನೆಯಲ್ಲಿ ಹೊಲಿಗೆ ಮಿಷನ್ನು ತುಳಿಯುತ್ತಿದ್ದಳು.

ನನ್ನದು ಇನ್ನೂ ಸಣ್ಣ ಕೆಲಸ. ಕಸ ಗುಡಿಸುವುದು, ಟೀ ಕೊಡುವುದು, ಕೆಂಪು ದೀಪ ಹೊತ್ತಿದಾಗ ಒಳಗಡೆಯಿಂದ ಬಾಗಿಲ ಹಿಡಿಕೆ ಹಿಡಿದು ನಿಲ್ಲುವುದು. ಚಿಲಕ ಸಡಿಲವಾಗಿತ್ತು, ಕೈ ಬಿಟ್ಟರೆ ಟಕ್ಕನ್ನುತ್ತಿತ್ತು. ಮೂವತ್ತೆರಡು ವರ್ಷ ಒಂದು ಸದ್ದೂ ಬರದ ಹಾಗೆ ಹಿಡಿದೆ. ಓದು ಬರಹ ನನಗೆ ಅಷ್ಟಕ್ಕಷ್ಟೆ. ಕಿವಿ ಮಾತ್ರ ಚುರುಕು.

ಕಿರುಚಕ್ಕನಿಗೆ ಒಂದು ಕ್ರಮವಿತ್ತು. ಚಪ್ಪಲಿ, ಕೈಗಡಿಯಾರ ಬಿಚ್ಚಿ ನನಗೆ ಕೊಡುವಳು. ಉಗುರುಬೆಚ್ಚಗಿನ ನೀರು ಎರಡು ಗುಟುಕು ಕುಡಿಯುವಳು. ಆಮೇಲೆ, ಗಾಜಿನಾಚೆ ಕೂತು ಸದ್ದು ಹಿಡಿಯುವ ಮೇಷ್ಟ್ರನ್ನು ಕೇಳುವಳು, "ಈ ಹುಡುಗಿಗೆ ಮನೇಲಿ ಯಾರ್ಯಾರಿದ್ದಾರೆ?"

"ಅಮ್ಮಾ ತಾಯಿ, ಸಿನಿಮಾದೋರು ಅವಳಿಗೆ ಮನೇನೇ ಕೊಟ್ಟಿಲ್ಲ."

"ಹಾಗಾದ್ರೆ ನೀವೇ ಕೊಡಿ."

ಮೇಷ್ಟ್ರು ಗೊಣಗುತ್ತಲೇ ಒಬ್ಬ ಅಜ್ಜಿಯನ್ನೋ ಕುಂಟ ತಮ್ಮನನ್ನೋ ಕೊಡುತ್ತಿದ್ದರು. ಆಮೇಲೆ ಕೂಗು ಬರುತ್ತಿತ್ತು, ನನ್ನ ಕೈಯ ರೋಮ ನಿಮಿರುತ್ತಿತ್ತು.

ಅವಳ ಮೊದಲ ಸಿನಿಮಾದಲ್ಲಿ ಬಾಂಬಿನ ಹೊಗೆ ಕುಡಿದು ಇರುವೆಗಳು ಮನೆ ಗಾತ್ರ ಬೆಳೆದಿದ್ದವು. ಇರುವೆಗೆ ಹೇಗೆ ಹೆದರೋದು ಅಂತ ಅವಳಿಗೆ ನಗು. ಆದರೆ ಯುದ್ಧ ಬಂದೇಬಿಡುತ್ತದೆ ಅಂತ ಆ ವರ್ಷ ಬೀದಿಯವರೆಲ್ಲ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು. ಇರುವೆಯನ್ನು ಬಿಟ್ಟು ಆ ಅಂಟಿನ ವಾಸನೆ ನೆನೆಸಿಕೊಂಡು ಕಿರುಚಿದೆ ಅಂತ ಆಮೇಲೆ ನನಗೆ ಹೇಳಿದಳು. ಮೈಮೇಲಿನ ಚರ್ಮ ಯಾವುದಾದರೂ ಇರಲಿ, ಒಳಗಿರೋ ಭಯ ನಮ್ಮ ಬೀದಿಯದೇ ಅನ್ನುವುದು ಅವಳ ಲೆಕ್ಕ. ಎಷ್ಟೋ ವರ್ಷದ ಮೇಲೆ ಊರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡುವ ಜ್ವರದ ಸಿನಿಮಾ ಬಂದಾಗ ಅವಳು ಏನನ್ನೂ ಕೇಳಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಹದಿನೇಳು ದಿನ ಕೂತು ಎದ್ದು ಬಂದಿದ್ದಳು.

ಒಂದು ಸಲ ಮಾತ್ರ ತಪ್ಪು ಮಾಡಿದಳು. ಗಿರಣಿಗೆ ಹೊಸ ಯಂತ್ರ ಬಂದು ಅವಳ ಗಂಡನೂ ಸೇರಿ ಹತ್ತು ಜನ ಕೆಲಸ ಕಳೆದುಕೊಂಡು ಮನೆಗೆ ಬಂದಿದ್ದ ವಾರ ಅದು. ಸಿನಿಮಾದಲ್ಲಿ ಹೇಳಿದ ಮಾತು ಕೇಳದ ಒಂದು ಕಬ್ಬಿಣದ ಆಳು. ಜನ ಅದನ್ನು ಸುತ್ತಿಗೆಯಿಂದ ಬಡಿದು ಕೆಡವುತ್ತಾರೆ. ಇವಳು ಕಿರುಚಬೇಕಾದದ್ದು ಅದನ್ನು ಕಂಡು ಓಡುವ ಹೆಂಗಸಿಗೆ. ಅಲ್ಲಿ ಸುಮ್ಮನಿದ್ದವಳು, ಸುತ್ತಿಗೆ ಬಿದ್ದಾಗ ಕೂಗಿಬಿಟ್ಟಳು, ಬಾಯೇ ಇಲ್ಲದ ಆ ಕಬ್ಬಿಣಕ್ಕೆ.

ಮೇಷ್ಟ್ರು ಬೈಯುತ್ತಾರೆ ಅಂದುಕೊಂಡೆ. "ಅದರ ಮನೇಲಿ ಯಾರಿದ್ದಾರಮ್ಮ?" ಅಂದರು. "ಹಸಿದೋರು," ಅಂದಳು. ಮೇಷ್ಟ್ರು ಅದನ್ನು ಅಳಿಸಲಿಲ್ಲ. ಬಿಡುಗಡೆಯಾದ ಮೇಲೆ ಚಿತ್ರಮಂದಿರದಲ್ಲಿ ಗಂಡಸರು ಮೂಗು ಒರೆಸಿಕೊಂಡರಂತೆ.

ಮೇಷ್ಟ್ರು ತೀರಿಕೊಂಡ ಮೇಲೆ ಅವರ ಕುರ್ಚಿಗೆ ಮಗಳು ಬಂದಳು. ಕಿರುಚಕ್ಕನಿಗೆ ಅರವತ್ತೆಂಟು ದಾಟಿತ್ತು. ಆಗ ಬಂದ ಒಂದು ಸಿನಿಮಾದಲ್ಲಿ ದೆವ್ವವೂ ಇಲ್ಲ, ಹುಳವೂ ಇಲ್ಲ. ಸತ್ತುಹೋದವರ ದನಿಯಲ್ಲಿ ಮಾತಾಡುವ ಒಂದು ಯಂತ್ರ, ಅದನ್ನು ಮನೆಯಲ್ಲಿಟ್ಟುಕೊಂಡ ಒಬ್ಬ ಹೆಂಗಸು. ಕೊನೆಗೆ ಅವಳು ಕಿರುಚಿ ಕೋಣೆಯಿಂದ ಆಚೆ ಹೋಗುತ್ತಾಳೆ, ಅಷ್ಟೆ. ಮಧ್ಯಾಹ್ನ ಹನ್ನೆರಡರ ತನಕ ನೋಡಿ, ಮುದುಕಿಯ ಕೈಲಿ ಆಗದಿದ್ದರೆ ಕಂಪ್ಯೂಟರಿನಲ್ಲೇ ಕಿರುಚಿಸಿ, ಇನ್ನು ಮೇಲೂ ಹಾಗೇ, ಅಂತ ಸ್ಟುಡಿಯೋ ಯಜಮಾನರು ಹೇಳಿಹೋಗಿದ್ದರು. ಕಿರುಚಕ್ಕನಿಗೂ ಅದು ಗೊತ್ತಿತ್ತು.

ಮೂರು ಸಲ ಕಿರುಚಿದಳು. ಮೂರೂ ಸಲ ದೊಡ್ಡ ದನಿಯೇ ಬಂತು, ಒಳಗೆ ಮಾತ್ರ ಏನೂ ಇರಲಿಲ್ಲ. ನನಗೇ ತಿಳಿಯಿತು ಅಂದ ಮೇಲೆ ಅವಳಿಗೆ ತಿಳಿಯದೆ ಇರುತ್ತದೆಯೇ.

ಮೇಷ್ಟ್ರ ಮಗಳು ಗಾಜಿನಾಚೆಯಿಂದ ಎದ್ದು ಒಳಗೆ ಬಂದಳು. ಕಿರುಚಕ್ಕ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. "ಇದು ಒಳ್ಳೇ ಸಂಭಾವಿತ ಯಂತ್ರ ಕಣೇ, ನಮ್ಮ ಅತ್ತೆಗಿಂತ ಮರ್ಯಾದೆಯಾಗಿ ಮಾತಾಡುತ್ತೆ. ನಾನು ಹೇಗೆ ಹೆದರಲಿ?" ಅಂದಳು. ಆಮೇಲೆ ಅವಳ ಮುಖ ನೋಡಿ ಕೇಳಿದಳು, "ನಿನ್ನ ಮನೇಲಿ ಈಗ ಯಾರ್ಯಾರಿದ್ದೀರಿ?"

ಹುಡುಗಿ, ಒಬ್ಬಳೇ ಇರೋದು ಅಂದಳು. ಅಪ್ಪ ಹಳೆಯ ಟೇಪುಗಳಲ್ಲಿ ಅಲ್ಲಲ್ಲಿ ಆಡಿದ ಮಾತನ್ನೆಲ್ಲ ಹೋದ ತಿಂಗಳು ಕಂಪ್ಯೂಟರಿಗೆ ಹಾಕಿದಳಂತೆ, ಸುಮ್ಮನೆ, ಏನಾಗುತ್ತೆ ನೋಡೋಣ ಅಂತ.

"ಅಪ್ಪನ ದನೀಲೇ 'ಊಟ ಆಯ್ತಾ ಪುಟ್ಟಿ' ಅಂತು. ಅಪ್ಪ ಅಲ್ಲ ಅಂತ ಗೊತ್ತು. ಆದ್ರೂ 'ಆಯ್ತಪ್ಪ' ಅಂದುಬಿಟ್ಟೆ. ಈಗ ದಿನಾ ಅಂತೀನಿ, ಅಕ್ಕ."

ಕಿರುಚಕ್ಕ ಅವಳ ತಲೆ ಸವರಿದಳು. ನೀರು ಕುಡಿದು ಎದ್ದಳು. ಹುಡುಗಿ ತನ್ನ ಜಾಗಕ್ಕೆ ಹೋದಳು, ನಾನು ಹಿಡಿಕೆ ಹಿಡಿದೆ, ಕೆಂಪು ದೀಪ ಹೊತ್ತಿತು.

ಪರದೆಯ ಮೇಲೆ ಯಂತ್ರ ಮಾತಾಡಿತು. ಕಿರುಚಕ್ಕ ಮೊದಲು ಮೆಲ್ಲಗೆ, ಪಕ್ಕದ ಕೋಣೆಯಲ್ಲಿರುವವರಿಗೆ ಹೇಳುವ ಹಾಗೆ, "ಆಯ್ತಪ್ಪ" ಅಂದಳು. ಅದು ಬರೆದುಕೊಟ್ಟ ಮಾತಲ್ಲ. ಆಮೇಲೆ ಕೂಗು ಬಂತು. ದೊಡ್ಡದೇನಲ್ಲ. ಮೇಷ್ಟ್ರು ಇನ್ನಿಲ್ಲ ಅಂತ ನನಗೆ ಅವತ್ತೇ ತಿಳಿದ ಹಾಗಾಯಿತು. ಕೈ ಸಡಿಲವಾಯಿತು.

ಚಿಲಕ ಟಕ್ಕಂತು.

ಗಡಿಯಾರದಲ್ಲಿ ಹನ್ನೆರಡಕ್ಕೆ ಆರು ನಿಮಿಷ ಬಾಕಿ. ಇನ್ನೊಂದು ಸಲ ಕಿರುಚುವ ಶಕ್ತಿ ಅವಳಲ್ಲಿ ಇರಲಿಲ್ಲ, ಗೋಡೆಗೆ ಒರಗಿ ನಿಂತಿದ್ದಳು. ನನ್ನಿಂದ ಹಾಳಾಯಿತು, ಕ್ಷಮಿಸಮ್ಮ ಅಂತ ಗಾಜಿನ ಕಡೆ ಕೈ ಮುಗಿದೆ.

ಹುಡುಗಿ ಕಿವಿಯ ಮೇಲಿನ ಹೆಡ್‌ಫೋನು ತೆಗೆದು ಕಣ್ಣು ಒರೆಸಿಕೊಂಡಳು. ಅವರಪ್ಪ ಅಳಿಸದೆ ಉಳಿಸಿದ ಹಾಗೇ ಇವಳೂ ಉಳಿಸಿದಳು, ಚಿಲಕವನ್ನೂ ಸೇರಿಸಿ. ಯಜಮಾನರು ಕೇಳಿ ತಲೆಯಾಡಿಸಿದರು. ಮುಂದಿನ ಸಿನಿಮಾಕ್ಕೆ ಮತ್ತೆ ಕಿರುಚಕ್ಕನಿಗೇ ಹೇಳಿಕಳಿಸಿದರು, ಅದರ ಮುಂದಿನದಕ್ಕೆ ಕಳಿಸಲಿಲ್ಲ.

ಆ ಯಂತ್ರದ ಚಿತ್ರವನ್ನು ನಾವಿಬ್ಬರೂ ಟಿಕೆಟ್ಟು ತೆಗೆದುಕೊಂಡು ನೋಡಿದೆವು. ಕೂಗಿನ ಹಿಂದೆಯೇ ಟಕ್ಕಂತ ಸದ್ದಾದಾಗ, ಆ ಹೆಂಗಸು ಬಾಗಿಲು ಹಾಕಿಕೊಂಡು ಹೊರಟೇ ಹೋದಳು ಅಂತ ಜನ ಉಸಿರು ಬಿಟ್ಟರು. ಕಿರುಚಕ್ಕ ಕತ್ತಲಲ್ಲಿ ನನ್ನ ತೊಡೆ ಚಿವುಟಿದಳು.

"ಮೂವತ್ತೆರಡು ವರ್ಷಕ್ಕೆ ಒಂದು ಮಾತಾಡಿದೆ ನೀನು," ಅಂದಳು.